ಬಂದೂಕಿಗೆ ಸೆರಾಮಿಕ್ ಲೇಪನ: ಮನೆಯ ಓವನ್‌ನಲ್ಲಿ ಆಗುವುದೆಷ್ಟು, ಆಗದ್ದೆಷ್ಟು?

ಕನ್ನಡದಲ್ಲಿ ತುಕ್ಕು, ತೆಲುಗಿನಲ್ಲಿ ತುಪ್ಪು, ದಖನಿಯಲ್ಲಿ ಜಂಗ್. ಜಹೀರಾಬಾದ್, ನಾರಾಯಣಖೇಡ, ತಾಂಡೂರು ಭಾಗದಲ್ಲಿ ಪರವಾನಗಿ ಬಂದೂಕು ಇಟ್ಟುಕೊಂಡ ಮನೆಗಳಿಗೆ ಈ ಮೂರೂ ಪದ ಗೊತ್ತು. ಮಳೆಗಾಲ ಕಳೆದು ಕಪಾಟಿನಿಂದ ಬಂದೂಕು ಹೊರತೆಗೆದಾಗ ನಳಿಕೆಯ ಮೇಲೆ ಕಂದು ಚುಕ್ಕೆಗಳು ಕಾಣುತ್ತವೆ. ಚುನಾವಣೆಗೆ ಮುನ್ನ ಠಾಣೆಯಲ್ಲಿ ಜಮಾ ಮಾಡಿ ಎರಡು ತಿಂಗಳ ನಂತರ ವಾಪಸ್ ಪಡೆದಾಗಲೂ ಅದೇ ಚುಕ್ಕೆಗಳು.

ಇದಕ್ಕೆ ಪರಿಹಾರವೆಂದು ಈಗ ಹೆಚ್ಚಾಗಿ ಕೇಳಿಬರುವ ಹೆಸರು ಸೆರಾಮಿಕ್ ಲೇಪನ. ಬಣ್ಣದಂತೆ ಸಿಂಪಡಿಸಿ, ಓವನ್‌ನಲ್ಲಿ ಬಿಸಿ ಮಾಡಿ ಗಟ್ಟಿಗೊಳಿಸುವ ಲೇಪನ ಇದು. ಅಮೆರಿಕದಲ್ಲಿ ಹವ್ಯಾಸಿಗಳು ಇದನ್ನು ಗ್ಯಾರೇಜಿನಲ್ಲೇ ಮಾಡಿಕೊಳ್ಳುತ್ತಾರೆ. ಅದರ ವಿಡಿಯೋ ನೋಡಿದವರಿಗೆ ಇಲ್ಲೇಕೆ ಆಗಬಾರದು ಎನ್ನಿಸುವುದು ಸಹಜ. ಕೆಲಸದ ಮಟ್ಟಿಗೆ ಇಲ್ಲೂ ಆಗುತ್ತದೆ, ಬೇಕಾದ ಶಾಖವೂ ಹೆಚ್ಚಿನದಲ್ಲ. ತೊಡಕು ಇರುವುದು ಬೇರೆ ಕಡೆ. ಲೇಪನದ ಕೆಲಸ ನಡೆಯುವ ಹೊತ್ತಿನಲ್ಲಿ ಬಂದೂಕು ಯಾರ ಕೈಯಲ್ಲಿರುತ್ತದೆ ಎಂಬುದನ್ನು ನಮ್ಮ ದೇಶದ ಕಾನೂನು ಕೇಳುತ್ತದೆ.

ಹೆಸರು ಸೆರಾಮಿಕ್, ಪಿಂಗಾಣಿ ಅಲ್ಲ

ಸೆರಾಮಿಕ್ ಎಂದ ಕೂಡಲೇ ಪಿಂಗಾಣಿ ಬಟ್ಟಲು, ಎನಾಮಲ್ ತಟ್ಟೆ ನೆನಪಾಗುತ್ತದೆ. ಇದು ಅದಲ್ಲ. ಎನಾಮಲ್ ತಟ್ಟೆಯ ಮೇಲಿರುವುದು ನಿಜವಾದ ಗಾಜಿನ ಪದರ, ಅದು ಕರಗಿ ಕಬ್ಬಿಣಕ್ಕೆ ಅಂಟಲು ಸುಮಾರು 800 ಡಿಗ್ರಿ ಸೆಲ್ಸಿಯಸ್ ಬೇಕು. ಆ ಶಾಖಕ್ಕೆ ಬಂದೂಕಿನ ನಳಿಕೆ ಒಡ್ಡಿದರೆ ಉಕ್ಕಿನ ಹದವೇ ಕೆಟ್ಟು, ಮುಂದೆ ತೋಟಾ ಹಾರಿಸಿದಾಗ ಒಡೆಯುವ ಅಪಾಯ ಉಂಟು.

ಬಂದೂಕಿಗೆ ಹಾಕುವ ಲೇಪನ ಅಂಟಿನಂಥ ಪಾಲಿಮರ್ ಮತ್ತು ಅತಿ ನುಣ್ಣನೆಯ ಸೆರಾಮಿಕ್ ಕಣಗಳ ಮಿಶ್ರಣ. ಪಾಲಿಮರ್ ಲೋಹವನ್ನು ಹಿಡಿಯುತ್ತದೆ, ಕಣಗಳು ತೇಯುವಿಕೆಯನ್ನು ತಡೆಯುತ್ತವೆ. ಇದರಲ್ಲಿ ಹೆಚ್ಚು ಹೆಸರಾದದ್ದು ಅಮೆರಿಕದ ಒರೆಗಾನ್ ರಾಜ್ಯದ ಎನ್‌ಐಸಿ ಇಂಡಸ್ಟ್ರೀಸ್ ಕಂಪನಿಯ ಸೆರಾಕೋಟ್. ಗನ್‌ಕೋಟ್ ಎಂಬ ಇನ್ನೊಂದು ಲೇಪನವನ್ನೂ ಬಿಸಿ ಮಾಡಿಯೇ ಗಟ್ಟಿಗೊಳಿಸುತ್ತಾರೆ. ಸೆರಾಕೋಟ್‌ನ ಓವನ್ ಬಗೆಗೆ 121 ಡಿಗ್ರಿಯಲ್ಲಿ ಎರಡು ಗಂಟೆ ಸಾಕು. ಓವನ್ ಬೇಡದ, ಗಾಳಿಯಲ್ಲೇ ಗಟ್ಟಿಯಾಗುವ ಬಗೆಯೂ ಇದೆ, ಆದರೆ ಪೂರ್ತಿ ಗಟ್ಟಿಯಾಗಲು ಐದು ದಿನ ಕಾಯಬೇಕು.

121 ಡಿಗ್ರಿ ಎಂದರೆ ಎಷ್ಟು? ನೀರು ಕುದಿಯುವುದು 100ಕ್ಕೆ. ಕಲಾಯಿ ಹಾಕುವವರ ತವರ ಕರಗುವುದು 232ಕ್ಕೆ. ಆದ್ದರಿಂದ ಈ ಲೇಪನದ ಶಾಖ ಕಲಾಯಿ ಒಲೆಯ ಅರ್ಧದಷ್ಟೇ. ಸಾಮಾನ್ಯ ಉಕ್ಕಿಗೆ ಇದರಿಂದ ಏನೂ ಆಗುವುದಿಲ್ಲ.

ಬಿಸಿ ಮಾಡಿ ಲೋಹಕ್ಕೆ ಕವಚ ಹಿಡಿಸುವುದು ಈ ಭಾಗದ ಅಡುಗೆ ಮನೆಗೆ ಹೊಸತೂ ಅಲ್ಲ. ಹೊಸ ಕಬ್ಬಿಣದ ತವಾಕ್ಕೆ ಕುಸುಬೆ ಎಣ್ಣೆ ಸವರಿ, ಹೊಗೆಯಾಡುವವರೆಗೆ ಕಾಯಿಸಿ, ಮತ್ತೆ ಸವರಿ ಕಾಯಿಸಿದರೆ ಕಪ್ಪು ಪದರ ಕೂರುತ್ತದೆ. ಆ ಪದರವೂ ಪಾಲಿಮರೇ. ಕುಸುಬೆ ಎಣ್ಣೆ ಒಣಗುವ ಜಾತಿಯದು, ಬಣ್ಣ ಮತ್ತು ವಾರ್ನಿಶ್‌ಗೂ ಬಳಸುತ್ತಾರೆ. ತವಾಕ್ಕೆ ವರವಾದ ಈ ಗುಣವೇ ಬಂದೂಕಿಗೆ ಶಾಪ. ಮನೆಯಲ್ಲಿದೆಯೆಂದು ಕುಸುಬೆ ಎಣ್ಣೆಯನ್ನೇ ಬಂದೂಕಿನ ಯಂತ್ರಭಾಗಕ್ಕೆ ಬಿಟ್ಟರೆ ಕೆಲವು ತಿಂಗಳಲ್ಲಿ ಅದು ಗೋಂದಿನಂತೆ ಗಟ್ಟಿಯಾಗಿ ಸ್ಪ್ರಿಂಗ್ ಅಂಟಿಕೊಳ್ಳುತ್ತದೆ. ಕೊಬ್ಬರಿ ಎಣ್ಣೆಯದು ಇನ್ನೊಂದು ತೊಂದರೆ, ಚಳಿಗಾಲದಲ್ಲಿ ಹೆಪ್ಪುಗಟ್ಟುತ್ತದೆ. ಬಂದೂಕಿಗೆ ಖನಿಜ ಎಣ್ಣೆಯೇ ಸರಿ, ಅದೂ ತೆಳ್ಳಗೆ.

ಕಾರ್ಖಾನೆಯಿಂದ ಬರುವಾಗ ಇರುವ ಕಪ್ಪು ಯಾವುದು?

ಹೆಚ್ಚಿನ ಬಂದೂಕುಗಳ ಮೇಲಿರುವ ಕಪ್ಪು-ನೀಲಿ ಬಣ್ಣ ಲೇಪನವೇ ಅಲ್ಲ. ಅದನ್ನು ಬ್ಲೂಯಿಂಗ್ ಎನ್ನುತ್ತಾರೆ. ಉಕ್ಕಿನ ಮೇಲ್ಮೈಯನ್ನೇ ಕಪ್ಪು ಆಕ್ಸೈಡ್ ಆಗಿ ಬದಲಿಸುವುದು. ಒಂದು ಅರ್ಥದಲ್ಲಿ ಅದೂ ತುಕ್ಕೇ, ಹಿಡಿತದಲ್ಲಿಟ್ಟ ತುಕ್ಕು. ತೀರಾ ತೆಳ್ಳಗಿರುವುದರಿಂದ ಎಣ್ಣೆಯ ಆಸರೆ ಇಲ್ಲದಿದ್ದರೆ ಹೆಚ್ಚು ದಿನ ಕಾಯುವುದಿಲ್ಲ.

ಲೋಹದ ಕಪ್ಪು ಎಂದರೆ ಈ ಭಾಗದವರ ಕಣ್ಣ ಮುಂದೆ ಬರುವುದು ಬೀದರಿನ ಬಿದ್ರಿ. ಬಿದ್ರಿ ಕಪ್ಪು ಬಂದೂಕಿಗೂ ಹಿಡಿಸಬಹುದೇ ಎಂದು ಕೇಳುವವರಿದ್ದಾರೆ. ಆಗುವುದಿಲ್ಲ. ಬಿದ್ರಿಯ ಲೋಹ ಕಬ್ಬಿಣವಲ್ಲ. ಅದು ಬಹುಪಾಲು ಸತು, ಸ್ವಲ್ಪ ತಾಮ್ರ. ಬೀದರ್ ಕೋಟೆಯ ಹಳೆಯ ಮಣ್ಣನ್ನು ನವಸಾಗರದೊಂದಿಗೆ ಬಿಸಿ ಮಾಡಿ ಉಜ್ಜಿದಾಗ ಆ ಮಿಶ್ರಲೋಹ ಮಾತ್ರ ಕಪ್ಪಾಗುತ್ತದೆ, ಅದರಲ್ಲಿ ಕೂರಿಸಿದ ಬೆಳ್ಳಿ ಹೊಳೆಯುತ್ತಲೇ ಉಳಿಯುತ್ತದೆ. ಬಿದ್ರಿಗೆ 2006ರಲ್ಲಿ ಭೌಗೋಳಿಕ ಗುರುತಿನ ಮಾನ್ಯತೆ ಸಿಕ್ಕಿತು. ಅದೇ ನವಸಾಗರವನ್ನು ಉಕ್ಕಿನ ನಳಿಕೆಗೆ ಉಜ್ಜಿದರೆ ಕಪ್ಪು ಬರುವ ಬದಲು ತುಕ್ಕು ಬೇಗ ಹಿಡಿಯುತ್ತದೆ.

ಕೆಲಸ ಹೇಗೆ ನಡೆಯುತ್ತದೆ

ಲೇಪನ ಸಿಂಪಡಿಸಿ ಬಿಸಿ ಮಾಡುವುದು ಇಡೀ ಕೆಲಸದ ಕಿರುಭಾಗ. ಉಳಿದದ್ದೆಲ್ಲ ತಯಾರಿ.

ಎಲ್ಲಕ್ಕಿಂತ ಮೊದಲು ಬಂದೂಕು ಖಾಲಿ ಇದೆಯೇ ಎಂದು ನೋಡುವುದು. ಡಬಲ್ ಬ್ಯಾರೆಲ್ ಆದರೆ ಎರಡೂ ನಳಿಕೆ, ಕಣ್ಣಲ್ಲೂ ಬೆರಳಲ್ಲೂ. ತೋಟಾಗಳು ಅದೇ ಕೋಣೆಯಲ್ಲಿ ಇರಬಾರದು. ನಂತರ ಬಿಡಿಭಾಗಗಳನ್ನು ಬಿಚ್ಚಬೇಕು. ಮರದ ಹಿಡಿ, ರಬ್ಬರ್, ಪ್ಲಾಸ್ಟಿಕ್ ಎಲ್ಲ ಬೇರೆಯಾಗಬೇಕು. ಹಳೆಯ ಬಂದೂಕಿನ ಸ್ಕ್ರೂ ತಲೆಗಳು ಕಿರಿದಾದ ಗಾಡಿಯವು. ಸೈಕಲ್ ಅಂಗಡಿಯ ಸ್ಕ್ರೂಡ್ರೈವರ್ ಹಾಕಿದರೆ ತಲೆ ಹರಿದುಹೋಗುತ್ತದೆ. ಬಂದೂಕು ಕೆಡುವುದು ಎಷ್ಟೋ ಸಲ ಇಲ್ಲೇ.

ಆಮೇಲೆ ಜಿಡ್ಡು ತೆಗೆಯುವುದು. ಭಾಗಗಳನ್ನು ಅಸಿಟೋನ್‌ನಲ್ಲಿ ನೆನೆಸಿ ತೊಳೆಯುತ್ತಾರೆ. ಒಣಗಿದ ಮೇಲೆ ಓವನ್‌ನಲ್ಲಿ ಸುಮಾರು 150 ಡಿಗ್ರಿಗೆ ಒಂದು ಗಂಟೆ ಇಡುತ್ತಾರೆ. ಸಂದುಗಳಲ್ಲಿ ಅಡಗಿದ ಎಣ್ಣೆ ಆಗ ಬೆವರಿನಂತೆ ಹೊರಬರುತ್ತದೆ. ಬಂದರೆ ಮತ್ತೆ ತೊಳೆಯಬೇಕು. ವರ್ಷಗಟ್ಟಲೆ ಎಣ್ಣೆ ಕುಡಿದ ಬಂದೂಕಿಗೆ ಇದು ಎರಡು ಮೂರು ಸುತ್ತು ಆಗುವುದುಂಟು. ಇಲ್ಲಿ ಅವಸರ ಮಾಡಿದರೆ ಲೇಪನ ಕೆಲವೇ ದಿನಗಳಲ್ಲಿ ಹಪ್ಪಳದಂತೆ ಏಳುತ್ತದೆ.

ನಂತರ ಮೇಲ್ಮೈಯನ್ನು ಒರಟು ಮಾಡುವುದು. ಅಲ್ಯೂಮಿನಿಯಂ ಆಕ್ಸೈಡ್ ಕಣಗಳನ್ನು ಗಾಳಿಯ ಒತ್ತಡದಲ್ಲಿ ಬಡಿಸುತ್ತಾರೆ. ನಳಿಕೆಯ ಒಳಗೂ ತೋಟಾ ಕೂರುವ ಜಾಗಕ್ಕೂ ಒಂದು ಕಣವೂ ಹೋಗದಂತೆ ಮೊದಲೇ ಬಿರಡೆ ಹಾಕಿರಬೇಕು. ಬಡಿದಾದ ಮೇಲೆ ಬರಿಗೈಯಲ್ಲಿ ಮುಟ್ಟುವಂತಿಲ್ಲ, ಬೆರಳಿನ ಜಿಡ್ಡೂ ಸಾಕು ಲೇಪನ ಏಳಲು.

ಕೊನೆಗೆ ಲೇಪನದ ದ್ರವಕ್ಕೆ ಗಟ್ಟಿಕಾರಕ ಬೆರೆಸಿ, ಸೋಸಿ, ಸಣ್ಣ ಮೂತಿಯ ಸ್ಪ್ರೇ ಗನ್‌ನಿಂದ ತೆಳ್ಳಗೆ ಸಿಂಪಡಿಸುತ್ತಾರೆ. ಗುರಿ ಇರುವುದು ಸುಮಾರು 25 ಮೈಕ್ರಾನ್, ಅಂದರೆ ಒಂದು ಮಿಲಿಮೀಟರಿನ ನಲವತ್ತನೇ ಒಂದು ಭಾಗ. ದಪ್ಪವಾದರೆ ಒಳ್ಳೆಯದು ಎಂಬ ಲೆಕ್ಕ ಇಲ್ಲಿ ನಡೆಯುವುದಿಲ್ಲ. ಒಂದರ ಮೇಲೊಂದು ಜಾರುವ ಎರಡು ಭಾಗಗಳಿಗೂ ಲೇಪನ ಕೂತರೆ ನಡುವಿನ ಸಂದು ಅದರ ಎರಡರಷ್ಟು ಕಿರಿದಾಗುತ್ತದೆ. ನಳಿಕೆ ಮುಚ್ಚಿಕೊಳ್ಳುವ ಜಾಗದಲ್ಲಿ ಹಾಗಾದರೆ ಬಂದೂಕು ಸರಿಯಾಗಿ ಮುಚ್ಚುವುದೇ ಇಲ್ಲ. ಅರ್ಧ ಮುಚ್ಚಿದ ಬಂದೂಕು ಹಾರಿಸುವವನ ಮುಖದ ಮುಂದಿರುತ್ತದೆ.

ಅಡುಗೆ ಮನೆಯ ಓವನ್ ಏಕೆ ಬೇಡ

ಮೊದಲನೆಯದು ಅಳತೆ. ಹನ್ನೆರಡು ಬೋರಿನ ನಳಿಕೆ ಸಾಮಾನ್ಯವಾಗಿ 28ರಿಂದ 32 ಇಂಚು. ಕೇಕ್ ಮಾಡುವ ಓವನ್‌ನಲ್ಲಿ ಅದು ಹಿಡಿಸುವುದೇ ಇಲ್ಲ. ಟ್ರಿಗರ್ ಸುತ್ತಿನ ಬಳೆ, ಸಣ್ಣಪುಟ್ಟ ಸ್ಕ್ರೂಗಳಷ್ಟೇ ಹಿಡಿಯುತ್ತವೆ. ಲೇಪನದ ದ್ರಾವಕಗಳ ಹೊಗೆ ಓವನ್‌ನ ಗೋಡೆಗೆ ಅಂಟುತ್ತದೆ, ಆದ್ದರಿಂದ ಒಮ್ಮೆ ಈ ಕೆಲಸಕ್ಕೆ ಬಳಸಿದ ಓವನ್‌ನಲ್ಲಿ ಮತ್ತೆ ಆಹಾರ ಬೇಯಿಸಬಾರದು. ಮಕ್ಕಳಿಗೆ ಬಿಸ್ಕತ್ತು ಮಾಡುವ ಓವನ್ ಇದಕ್ಕಲ್ಲ.

ಗ್ಯಾಸ್ ಒಲೆ ಹತ್ತಿರವಿರುವ ಕೋಣೆಯಂತೂ ಬೇಡವೇ ಬೇಡ. ಅಸಿಟೋನ್ ಸೊನ್ನೆಗಿಂತ ಸುಮಾರು 20 ಡಿಗ್ರಿ ಕೆಳಗಿನ ಚಳಿಯಲ್ಲೂ ಕಿಡಿ ತಗುಲಿದರೆ ಹೊತ್ತಿಕೊಳ್ಳುವಷ್ಟು ಆವಿ ಬಿಡುತ್ತದೆ. ಆ ಆವಿ ಗಾಳಿಗಿಂತ ಭಾರ, ನೆಲದ ಮೇಲೆ ಹರಿದು ದೂರದ ದೀಪವನ್ನೂ ತಲುಪುತ್ತದೆ.

ಇನ್ನು ಮರಳು. ಅಲ್ಯೂಮಿನಿಯಂ ಆಕ್ಸೈಡ್ ದುಬಾರಿ ಎಂದು ಹೊಳೆಯ ಮರಳನ್ನು ಜರಡಿ ಹಿಡಿದು ಬಡಿಸಬಹುದು ಎಂಬ ಸಲಹೆ ಕೊಡುವವರಿದ್ದಾರೆ. ಮರಳಿನ ಸಿಲಿಕಾ ಒಡೆದು ಕಣ್ಣಿಗೆ ಕಾಣದ ಧೂಳಾಗಿ ಶ್ವಾಸಕೋಶಕ್ಕೆ ಇಳಿಯುತ್ತದೆ. ಅದರಿಂದ ಬರುವ ಸಿಲಿಕೋಸಿಸ್ ವಾಸಿಯಾಗುವ ಕಾಯಿಲೆ ಅಲ್ಲ. ಬ್ರಿಟನ್ ಸುಮಾರು 75 ವರ್ಷಗಳ ಹಿಂದೆಯೇ ಈ ಕೆಲಸಕ್ಕೆ ಮರಳು ಬಳಸುವುದನ್ನು ನಿಷೇಧಿಸಿತು. ಕಲ್ಲಿನ ಧೂಳು ಎದೆಗೆ ಏನು ಮಾಡುತ್ತದೆಂದು ಕಲ್ಲಿನ ಊರಾದ ತಾಂಡೂರಿಗೆ ಬೇರೆಯಾಗಿ ವಿವರಿಸಬೇಕಿಲ್ಲ. ಮುಖಕ್ಕೆ ಕಟ್ಟಿದ ಟವೆಲ್ ಈ ಧೂಳನ್ನು ತಡೆಯುವುದಿಲ್ಲ.

ಹಳೆಯ ಡಬಲ್ ಬ್ಯಾರೆಲ್ ಮತ್ತು ಬೆಸುಗೆ

ಅಜ್ಜನ ಕಾಲದ ಡಬಲ್ ಬ್ಯಾರೆಲ್ ಇರುವ ಮನೆಯವರು ಓದಲೇಬೇಕಾದ ಭಾಗ ಇದು. ಎರಡು ನಳಿಕೆಗಳ ನಡುವೆ ಉದ್ದಕ್ಕೂ ಒಂದು ಪಟ್ಟಿ ಇರುತ್ತದೆ. ಬಹಳಷ್ಟು ಹಳೆಯ ಬಂದೂಕುಗಳಲ್ಲಿ ಅದನ್ನು ಹಿಡಿದಿರುವುದು ಸೀಸ ಮತ್ತು ತವರದ ಮೆದು ಬೆಸುಗೆ. ಈ ಬೆಸುಗೆ 183 ಡಿಗ್ರಿಯಿಂದ ಕರಗತೊಡಗುತ್ತದೆ. 121 ಡಿಗ್ರಿಯ ಸೆರಾಮಿಕ್ ಲೇಪನಕ್ಕೂ ಇದಕ್ಕೂ ಅಂತರವಿದೆ. ಆದರೆ ಬೈಕಿನ ಚಕ್ರ, ಗೇಟು, ಕಿಟಕಿ ಸರಳಿಗೆ ಹಾಕುವ ಪೌಡರ್ ಕೋಟಿಂಗ್ ಗಟ್ಟಿಯಾಗುವುದು ಸಾಮಾನ್ಯವಾಗಿ 180ರಿಂದ 200 ಡಿಗ್ರಿಯಲ್ಲಿ. ನೋಡಲು ಎರಡೂ ಒಂದೇ ತರಹ, ಹೆಸರೂ ಮಾತಿನಲ್ಲಿ ಬೆರೆತುಹೋಗುತ್ತದೆ. ಪೌಡರ್ ಕೋಟಿಂಗ್ ಒಲೆಗೆ ಹೋದ ಡಬಲ್ ಬ್ಯಾರೆಲ್‌ನ ಬೆಸುಗೆ ಸಡಿಲಾಗಿ, ಪಟ್ಟಿ ಬಿಟ್ಟುಕೊಂಡು, ನಳಿಕೆಗಳ ನೇರವೇ ತಪ್ಪಬಹುದು. ಅದನ್ನು ಮತ್ತೆ ಕೂಡಿಸುವುದು ನುರಿತ ಬಂದೂಕು ಕಸಬಿನವರಿಗೂ ಕಷ್ಟದ ಕೆಲಸ. ಅಗ್ಗದ ಓವನ್‌ನ ಶಾಖ ಸೂಚಿಸಿದ ಅಂಕಿಗಿಂತ ಏರಿ ಇಳಿಯುವುದೂ ಉಂಟು. ಒಳಗೆ ಬೇರೆ ಥರ್ಮಾಮೀಟರ್ ಇಡದೆ ಅಂಕಿಯನ್ನು ನಂಬುವಂತಿಲ್ಲ.

ಎರಡು ಬಗೆಯ ಕಬ್ಬಿಣ ಹೆಣೆದು ಮಾಡಿದ, ಮೈಮೇಲೆ ಅಲೆಅಲೆಯ ಗೆರೆ ಕಾಣುವ ಡಮಾಸ್ಕಸ್ ನಳಿಕೆಗಳಿಗೆ ಯಾವ ಲೇಪನವೂ ಬೇಡ. ಕಣ ಬಡಿದರೆ ಆ ಗೆರೆಗಳು ಹೋಗುತ್ತವೆ. ಮೇಲೆ ಲೇಪನ ಹಾಕಿದರೆ ಒಳಗಿನ ಬಿರುಕು ಕಣ್ಣಿಗೆ ಬೀಳದೆ ಹೋಗುತ್ತದೆ.

ಕಾನೂನು ಎಲ್ಲಿ ಅಡ್ಡ ಬರುತ್ತದೆ

1959ರ ಶಸ್ತ್ರಾಸ್ತ್ರ ಕಾಯ್ದೆಯಲ್ಲಿ ಬಣ್ಣ, ಲೇಪನ ಎಂಬ ಪದಗಳಿಲ್ಲ. ಆದರೆ ಬಂದೂಕು ತಯಾರಿಸಲು, ಮಾರಲು, ಮಾರ್ಪಡಿಸಲು, ದುರಸ್ತಿ ಮಾಡಲು ಪ್ರತ್ಯೇಕ ಪರವಾನಗಿ ಬೇಕೆಂದು ಅದರ 5ನೇ ಕಲಂ ಹೇಳುತ್ತದೆ. ಮನೆಯಲ್ಲಿಟ್ಟುಕೊಳ್ಳಲು ಕೊಟ್ಟ ಪರವಾನಗಿ ಆ ಕೆಲಸಗಳಿಗೆ ಕೊಟ್ಟದ್ದಲ್ಲ. ಒರೆಸಿ ಎಣ್ಣೆ ಹಚ್ಚುವುದು ಮಾಲೀಕನ ಕೆಲಸ. ಪೂರ್ತಿ ಬಿಚ್ಚಿ, ಮೇಲ್ಮೈ ಕೆರೆದು, ಹೊಸ ಪದರ ಹಾಕಿ, ಮತ್ತೆ ಕೂಡಿಸುವುದನ್ನು ಬರೀ ಒರೆಸಿದ್ದು ಎಂದು ಠಾಣೆಯಲ್ಲಿ ಒಪ್ಪಿಸುವುದು ಸುಲಭವಲ್ಲ. ಕೈ ಹಾಕುವ ಮುನ್ನ ಪರವಾನಗಿ ಕೊಟ್ಟ ಕಲೆಕ್ಟರ್ ಕಚೇರಿಯಿಂದ ಲಿಖಿತ ಉತ್ತರ ಪಡೆಯುವುದು ಜಾಣತನ.

ಹೆಚ್ಚು ಜನ ಎಡವುವ ಕಲಂ ಬೇರೆ ಇದೆ. ಎದುರಿನವರಿಗೆ ಶಸ್ತ್ರ ಇಟ್ಟುಕೊಳ್ಳುವ ಅಧಿಕಾರ ಇದೆಯೇ ಎಂದು ಮೊದಲು ಖಚಿತಪಡಿಸಿಕೊಳ್ಳದೆ ಅವರ ವಶಕ್ಕೆ ಶಸ್ತ್ರ ಕೊಡುವುದು 29ನೇ ಕಲಂ ಪ್ರಕಾರ ಅಪರಾಧ. ಪೌಡರ್ ಕೋಟಿಂಗ್ ಅಂಗಡಿಯವನು, ಲೇತ್ ಕೆಲಸದವನು, ಕಾರ್ಖಾನೆಯ ಪೇಂಟ್ ವಿಭಾಗದಲ್ಲಿರುವ ಸಂಬಂಧಿಕ, ಯಾರೇ ಇರಲಿ, ಬಂದೂಕನ್ನು ಅವರಲ್ಲಿ ಬಿಟ್ಟು ಬಂದರೆ ಕೊಟ್ಟವನೂ ಇಟ್ಟುಕೊಂಡವನೂ ಸಿಕ್ಕಿಬೀಳುತ್ತಾರೆ. ಪೂರ್ತಿ ಬಂದೂಕಲ್ಲ, ನಳಿಕೆ ಮಾತ್ರ ಕೊಟ್ಟೆ ಎಂಬ ಸಮಜಾಯಿಷಿ ನಿಲ್ಲುವುದಿಲ್ಲ. ಕಾಯ್ದೆಯ ವ್ಯಾಖ್ಯಾನದಲ್ಲೇ ಶಸ್ತ್ರ ಎಂದರೆ ಅದರ ಬಿಡಿಭಾಗಗಳೂ ಸೇರಿವೆ.

8ನೇ ಕಲಂ ಬಂದೂಕಿನ ಮೇಲಿನ ತಯಾರಕರ ಹೆಸರು, ನಂಬರಿನ ಬಗ್ಗೆ. ಅದನ್ನು ಅಳಿಸುವುದು, ತೆಗೆಯುವುದು, ಬದಲಿಸುವುದು ನಿಷಿದ್ಧ. ಅಳಿಸಿದ ನಂಬರಿನ ಬಂದೂಕು ಯಾರ ಬಳಿ ಸಿಕ್ಕಿತೋ ಅವರೇ ಅಳಿಸಿದ್ದಾರೆಂದು ಕಾನೂನು ಮೊದಲು ಭಾವಿಸುತ್ತದೆ, ಅಲ್ಲವೆಂದು ತೋರಿಸುವ ಹೊಣೆ ಅವರದೇ. ಐವತ್ತು ವರ್ಷ ಒರೆಸಿ ಒರೆಸಿ ಸವೆದ ನಂಬರಿನ ಮೇಲೆ ಕಣ ಬಡಿದು, ಮೇಲೆ ದಪ್ಪ ಲೇಪನ ತುಂಬಿದರೆ ಪರವಾನಗಿ ಪುಸ್ತಕದ ನಂಬರಿಗೂ ಬಂದೂಕಿನ ನಂಬರಿಗೂ ತಾಳೆ ನೋಡಲು ಆಗುವುದಿಲ್ಲ. ಕೆಲಸಕ್ಕೆ ಮುನ್ನ ನಂಬರಿನ ಸ್ಪಷ್ಟ ಫೋಟೋ ತೆಗೆದಿಟ್ಟು, ಆ ಜಾಗವನ್ನು ಟೇಪಿನಿಂದ ಮುಚ್ಚಿಸುವುದು ಒಳ್ಳೆಯದು.

ಗಡಿ ದಾಟುವವರಿಗೆ

ಈ ಮೂರೂ ಊರುಗಳ ಕಾಗದಪತ್ರದ ಇತಿಹಾಸ ತುಸು ಗೋಜಲಿನದು. ಹೈದರಾಬಾದ್ ಸಂಸ್ಥಾನದ ಕಾಲದಲ್ಲಿ ಜಹೀರಾಬಾದ್, ನಾರಾಯಣಖೇಡ ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗ ಜಿಲ್ಲೆಯಲ್ಲಿತ್ತು. 1956ರ ನವೆಂಬರ್ 1ರ ರಾಜ್ಯ ವಿಂಗಡಣೆಯಲ್ಲಿ ಅವು ಆಂಧ್ರಪ್ರದೇಶಕ್ಕೆ ಹೋದವು. 2014ರ ಜೂನ್ 2ರಂದು ತೆಲಂಗಾಣ ಆಯಿತು. 2016ರ ಅಕ್ಟೋಬರ್‌ನಲ್ಲಿ ಜಹೀರಾಬಾದ್, ನಾರಾಯಣಖೇಡ ಮೆದಕ್ ಜಿಲ್ಲೆಯಿಂದ ಸಂಗಾರೆಡ್ಡಿಗೆ, ತಾಂಡೂರು ರಂಗಾರೆಡ್ಡಿಯಿಂದ ವಿಕಾರಾಬಾದಿಗೆ ಬಂದವು. ಹಳೆಯ ಮನೆತನದ ಪುಸ್ತಕಗಳಲ್ಲಿ ಈ ಎಲ್ಲ ಕಾಲದ ಮುದ್ರೆಗಳೂ ಇರಬಹುದು. ಬಂದೂಕನ್ನು ಎಲ್ಲಿಗಾದರೂ ಒಯ್ಯುವ ಮುನ್ನ ಎರಡು ವಿಷಯ ನೋಡಿಕೊಳ್ಳಬೇಕು: ಪರವಾನಗಿಯ ಅವಧಿ ಇದೆಯೇ, ಅದರಲ್ಲಿ ರಾಷ್ಟ್ರೀಯ ದತ್ತಾಂಶದ ಯುಐಎನ್ ನಂಬರ್ ಇದೆಯೇ.

ಮೂರನೆಯದು ಕ್ಷೇತ್ರ. ಜಹೀರಾಬಾದಿನಿಂದ ಬೀದರ್ ಸುಮಾರು 30 ಕಿಲೋಮೀಟರ್, ಮದುವೆಗೂ ಆಸ್ಪತ್ರೆಗೂ ಸಂತೆಗೂ ಜನ ಯೋಚಿಸದೆ ಹೋಗಿ ಬರುತ್ತಾರೆ. ತಾಂಡೂರಿನವರಿಗೆ ಚಿಂಚೋಳಿ, ಸೇಡಂ ಹಾಗೆಯೇ. ಬಂದೂಕಿಗೆ ಆ ಸಲೀಸು ಇಲ್ಲ. ಪರವಾನಗಿ ತೆಲಂಗಾಣಕ್ಕೆ ಮಾತ್ರ ಎಂದಿದ್ದರೆ ಬೀದರಿನ ದುರಸ್ತಿಗಾರನ ಬಳಿಗೆ ಒಯ್ಯುವುದೂ ಅನಧಿಕೃತವೇ. ಹೈದರಾಬಾದ್ ದೂರವಾದರೂ ಅದೇ ರಾಜ್ಯ. ಅಲ್ಲಿನ ಪರವಾನಗಿ ಪಡೆದ ಅಂಗಡಿಗೆ ಕೊಡುವಾಗಲೂ ಅವರ ಪರವಾನಗಿಯಲ್ಲಿ ದುರಸ್ತಿ ಎಂಬುದು ಸೇರಿದೆಯೇ ಎಂದು ಕೇಳಿ, ಬಂದೂಕಿನ ನಂಬರ್ ಬರೆದ ರಸೀದಿ ಪಡೆಯಬೇಕು.

ಕೊಡಗಿನಲ್ಲಿ ಹೀಗಿಲ್ಲವಲ್ಲ ಎಂದು ಕೆಲವರು ಉದಾಹರಣೆ ಕೊಡುತ್ತಾರೆ. ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದ ವಿನಾಯಿತಿ ಇರುವುದು ನಿಜ, 2019ರಲ್ಲಿ ಕೇಂದ್ರ ಸರ್ಕಾರ ಅದನ್ನು 2029ರವರೆಗೆ ಮುಂದುವರಿಸಿತು. ಅದು ಅಲ್ಲಿನವರಿಗೆ ಮಾತ್ರ. ಕೈಲ್‌ಪೊಳ್ದ್ ಹಬ್ಬದಲ್ಲಿ ಅವರು ಬಂದೂಕು ತೊಳೆದು ಹೂವಿಟ್ಟು ಪೂಜಿಸುವ ಹಾಗೆ ಇಲ್ಲಿ ಆಯುಧ ಪೂಜೆ. ಪೂಜೆಯ ಒದ್ದೆ ಅರಿಸಿನ ಕುಂಕುಮವನ್ನು ಮರುದಿನವೇ ಒರೆಸದಿದ್ದರೆ ಅದರಡಿಯಲ್ಲೇ ತುಕ್ಕು ಶುರುವಾಗುತ್ತದೆ.

ಲೇಪನ ಬೇಕೇ?

ತಯಾರಕರು ಹೇಳುವಂತೆ ಉಪ್ಪುಗಾಳಿಯಲ್ಲಿ ಸೆರಾಮಿಕ್ ಲೇಪನ ಬ್ಲೂಯಿಂಗ್‌ಗಿಂತ ಬಹಳ ಹೆಚ್ಚು ಕಾಲ ತಡೆಯುತ್ತದೆ. ಕಡಲ ಕರೆಯವರಿಗೆ ಅದು ದೊಡ್ಡ ಲಾಭ. ಕಡಲಿನಿಂದ ನೂರಾರು ಕಿಲೋಮೀಟರ್ ದೂರದ ಈ ಬಯಲಿನಲ್ಲಿ ಉಪ್ಪುಗಾಳಿ ಇಲ್ಲ. ಇಲ್ಲಿನ ಬಂದೂಕು ಕೆಡುವುದು ಮುಖ್ಯವಾಗಿ ಲೇಪನ ತಲುಪದ ಜಾಗಗಳಲ್ಲಿ: ನಳಿಕೆಯ ಒಳಗೆ, ಮರದ ಹಿಡಿ ಕೂಡುವ ಸಂದಿನಲ್ಲಿ, ವರ್ಷಗಟ್ಟಲೆ ತೆಗೆಯದ ಬಟ್ಟೆ ಚೀಲದ ಅಡಿಯಲ್ಲಿ. ಬಟ್ಟೆಯೂ ಚರ್ಮವೂ ತೇವ ಹಿಡಿದಿಡುತ್ತವೆ. ಹಾರಿಸಿದ ಬಳಿಕ ನಳಿಕೆಯಲ್ಲಿ ಉಳಿಯುವ ಮಸಿ, ಅದರಲ್ಲೂ ಕರಿಮದ್ದಿನದು, ಗಾಳಿಯ ತೇವವನ್ನು ಎಳೆದುಕೊಳ್ಳುತ್ತದೆ.

ಠಾಣೆಗೆ ಜಮಾ ಮಾಡುವ ಮುನ್ನ ಒಳಗೂ ಹೊರಗೂ ಖನಿಜ ಎಣ್ಣೆ ಸವರುವುದು, ವಾಪಸ್ ಬಂದ ದಿನವೇ ಒರೆಸುವುದು, ಮಳೆಗಾಲದಲ್ಲಿ ತಿಂಗಳಿಗೊಮ್ಮೆ ಕಪಾಟಿನಿಂದ ತೆಗೆದು ನೋಡುವುದು. ಹೆಚ್ಚಿನ ಮನೆಗಳಿಗೆ ಇಷ್ಟು ಸಾಕು, ಖರ್ಚು ಒಂದು ಡಬ್ಬಿ ಎಣ್ಣೆಯದು.

ಲೇಪನದ ಕೆಲಸವನ್ನೇ ಕಲಿಯುವ ಆಸೆ ಇದ್ದವರಿಗೆ ಮನೆಯಲ್ಲಿ ಬೇಕಾದಷ್ಟು ಕಬ್ಬಿಣವಿದೆ. ಕೊಡಲಿ, ಸ್ಪ್ರೇ ಪಂಪಿನ ಭಾಗ, ಬೈಕಿನ ಫುಟ್‌ರೆಸ್ಟ್ ಎಲ್ಲವೂ ಅಭ್ಯಾಸಕ್ಕೆ ಆಗುತ್ತವೆ. ಏರ್‌ಗನ್ ಆದರೆ 2016ರ ಶಸ್ತ್ರಾಸ್ತ್ರ ನಿಯಮಗಳ ಪ್ರಕಾರ 0.177 ಇಂಚಿಗಿಂತ ದೊಡ್ಡ ನಳಿಕೆಯದಕ್ಕೆ ಅಥವಾ 20 ಜೌಲ್‌ಗಿಂತ ಹೆಚ್ಚು ಶಕ್ತಿಯದಕ್ಕೆ ಪರವಾನಗಿ ಬೇಕು. ಅದರೊಳಗಿನದಕ್ಕೆ ಬೇಡ. ಓವನ್‌ಗೆ ಇಡುವ ಮುನ್ನ ಅದರ ರಬ್ಬರ್ ಉಂಗುರಗಳನ್ನೂ ಸ್ಪ್ರಿಂಗನ್ನೂ ತೆಗೆಯಬೇಕು. ಆದರೆ ಬಿಗಿದ ಸ್ಪ್ರಿಂಗ್ ಬಿಚ್ಚುವಾಗ ಸಿಡಿದು ಗಾಯವಾಗಬಹುದಾದ್ದರಿಂದ ಆ ಕೆಲಸ ಗೊತ್ತಿದ್ದವರ ಕೈಯಿಂದಲೇ ಆಗಬೇಕು.